ಚೌಕಿಯಲ್ಲಿ ಕೂತ ಗಂಡಸು: ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಕಾಸರಗೋಡಿನಲ್ಲಿ ಕೂತು ಮತ್ತೆ ಓದುವುದು

ಧ್ವನಿ ಕೇಳ್ತಾ ಉಂಟಲ್ವಾ? ನಮ್ಮಲ್ಲಿ ಮಳೆ ಜೋರಿದೆ, ಕರೆಂಟು ಹೋದರೆ ಮೊಬೈಲಿನಿಂದ ಮತ್ತೆ ಸೇರಿಕೊಳ್ತೇನೆ.

ಗಡಿಯಾಚೆಯ ಕನ್ನಡ ಸಮುದಾಯಗಳ ಕುರಿತ ಈ ಸರಣಿಯಲ್ಲಿ ನನಗೆ ಸಿಕ್ಕಿರುವ ವಿಷಯ ‘ಆಧುನಿಕ ಸಮಾಜ ಮತ್ತು ಗಂಡಸುತನದ ಕಲ್ಪನೆ’. ಇಷ್ಟು ದೊಡ್ಡ ವಿಷಯವನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸುವ ಧೈರ್ಯ ನನಗಿಲ್ಲ. ಹಾಗಾಗಿ ಒಂದು ಕಾದಂಬರಿಯನ್ನು ಮಾತ್ರ ಹಿಡಿದುಕೊಂಡಿದ್ದೇನೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಆಮೇಲೆ ಪುಸ್ತಕವಾದ ಕೃತಿ. ಇದು ಹೆಣ್ಣಿನ ನೋವಿನ ಕಾದಂಬರಿ ಅಂತ ನಾವೆಲ್ಲ ಓದಿದ್ದೇವೆ, ಪರೀಕ್ಷೆಯಲ್ಲಿ ಹಾಗೇ ಬರೆದಿದ್ದೇವೆ. ಅದು ತಪ್ಪಲ್ಲ. ಆದರೆ ನಾನು ಇವತ್ತು ಅದರೊಳಗಿನ ಗಂಡಸರನ್ನು ನೋಡಬೇಕು ಅಂತಿದ್ದೇನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡ್ತೇನೆ. ಗಂಡಸುತನ ಅನ್ನುವುದು ಒಬ್ಬನೇ ಇರುವಾಗ ಇರುವಂಥದ್ದಲ್ಲ, ಅದಕ್ಕೆ ನೋಡುವ ಒಂದು ಸಭೆ ಬೇಕು. ಆಧುನಿಕ ಸಮಾಜ ನಮ್ಮ ಊರಿಗೆ ಬಂದಾಗ ಹಳೆಯ ಸಭೆಯನ್ನು ಪೂರ್ತಿ ಎಬ್ಬಿಸಲಿಲ್ಲ, ಅದರ ಪಕ್ಕದಲ್ಲಿ ಇನ್ನೂ ನಾಲ್ಕು ಸಭೆ ಕೂರಿಸಿತು. ಗಡಿನಾಡ ಕನ್ನಡಿಗರಾದ ನಾವು ಕಟ್ಟಿಕೊಂಡ ಹೋರಾಟದ ಮಾತೂ ಅಂಥ ಒಂದು ಸಭೆಯೇ. ಹಾಗಾಗಿ ಈ ಕಾದಂಬರಿಯನ್ನು ನಾವು ಹೊಗಳಿದ್ದೇವೆ, ಆದರೆ ನಮ್ಮ ಕಥೆ ಅಂತ ಓದಿಲ್ಲ.

ಮಾವನ ಪ್ರಶ್ನೆ

ವಿಷಯಕ್ಕೆ ಹೋಗುವ ಮೊದಲು ನಾನು ಎಲ್ಲಿಂದ ಮಾತಾಡ್ತಿದ್ದೇನೆ ಅಂತ ಹೇಳಬೇಕು. ನಮ್ಮದು ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಹಳ್ಳಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮತ್ತು ಪಂಚಾಯತಿನಲ್ಲಿ ಮಲಯಾಳ. ಪಕ್ಕದ ಮನೆಯ ಗೆಳೆಯನ ಜೊತೆ ಬ್ಯಾರಿ ಭಾಷೆಯಲ್ಲಿ ಬೈದಾಡುವಷ್ಟು ಬರ್ತದೆ. ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಹೇಳುವುದು ಇದನ್ನೇ.

ಪದವಿ ಮುಗಿಸಿ ಕನ್ನಡ ಎಂ.ಎ. ಮಾಡ್ತೇನೆ ಅಂತ ನಾನು ಹೇಳಿದ ದಿನ ನನ್ನ ಸೋದರಮಾವ ಊಟ ಮಾಡ್ತಾ ಇದ್ದರು. ತಟ್ಟೆಯಿಂದ ತಲೆ ಎತ್ತದೆ ಕೇಳಿದರು: “ಗಂಡುಹುಡುಗ ಆಗಿ ಕನ್ನಡ ಎಂ.ಎ. ಎಂಥ ಮಾಡ್ಲಿಕ್ಕೆ ಮಾರಾಯ?” ಅವರು ಕೇಳಿದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಹೇಳ್ತಿದ್ದೇನೆ. ಅವರಿಗೆ ಕನ್ನಡದ ಮೇಲೆ ದ್ವೇಷ ಇಲ್ಲ. ನವೆಂಬರ್ 1ಕ್ಕೆ ಕಪ್ಪು ಪಟ್ಟಿ ಕಟ್ಟಿಕೊಂಡು ಓಡಾಡಿದ ತಲೆಮಾರಿನವರ ಮಗ ಅವರು. ಅವರ ಅಳಿಯಂದಿರಲ್ಲಿ ಇಬ್ಬರು ಗಲ್ಫಿನಲ್ಲಿದ್ದಾರೆ, ಒಬ್ಬ ಮಂಗಳೂರಿನಲ್ಲಿ ಸೈಟ್ ಇಂಜಿನಿಯರ್. ಕನ್ನಡಕ್ಕಾಗಿ ಹೋರಾಡುವುದು ಗಂಡಸಿನ ಕೆಲಸ, ಕನ್ನಡವನ್ನು ಓದುವುದು ಮಾತ್ರ ಅಲ್ಲ. ಅದು ಮದುವೆಯ ತನಕ ಹೆಣ್ಣುಮಕ್ಕಳು ಮಾಡುವಂಥದ್ದು. ನಮ್ಮ ತರಗತಿಗೆ ಬಂದು ನೋಡಿದರೆ ಮಾವನ ಲೆಕ್ಕ ಸರಿಯೇ ಅನ್ನಿಸ್ತದೆ. ಹದಿನಾಲ್ಕು ಜನರಲ್ಲಿ ನಾವು ಗಂಡುಹುಡುಗರು ಮೂವರು.

ಆ ಪ್ರಶ್ನೆ ಕೇಳುವಾಗ ಮಾವ ಸ್ವರವನ್ನು ಸ್ವಲ್ಪ ಎತ್ತರಿಸಿದ್ದು ನನಗೆ ಈಗಲೂ ನೆನಪುಂಟು. ಅಡುಗೆಮನೆಯಲ್ಲಿದ್ದ ಅತ್ತೆ, ಅಮ್ಮ, ಜಗಲಿಯಲ್ಲಿ ಕೂತಿದ್ದ ಪಕ್ಕದ ಮನೆಯವರು, ಎಲ್ಲರಿಗೂ ಕೇಳುವ ಹಾಗೆ. ಮರುದಿನ ಬೆಳಿಗ್ಗೆ ಒಬ್ಬರೇ ಸಿಕ್ಕಿದಾಗ ಕೇಳಿದ ಮಾತೇ ಬೇರೆ. “ಫೀಸಿಗೆ ಎಷ್ಟು ಬೇಕಾಗ್ತದೆ?” ಈ ಎರಡು ಮಾತಿನ ನಡುವೆ ಇರುವ ಅಂತರದಿಂದಲೇ ನನ್ನ ಓದು ಶುರುವಾದದ್ದು.

ಚೌಕಿ ಮತ್ತು ರಂಗಸ್ಥಳ

ಇದನ್ನು ವಿವರಿಸಲಿಕ್ಕೆ ದೂರದ ಸಿದ್ಧಾಂತ ಹುಡುಕಬೇಕಾಗಿಲ್ಲ. ಲಿಂಗತ್ವ ಅನ್ನುವುದು ಮತ್ತೆ ಮತ್ತೆ ಮಾಡಿ ತೋರಿಸುವುದರಿಂದ ಆಗುವಂಥದ್ದು ಅಂತ ಜುಡಿತ್ ಬಟ್ಲರ್ 1990ರಲ್ಲಿ ಬರೆದದ್ದನ್ನು ನಾವು ಪಠ್ಯದಲ್ಲಿ ಓದಿದ್ದೇವೆ. ನಮ್ಮ ಊರಿನ ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸತಲ್ಲ. ಕುಂಬಳೆಯ ಪಾರ್ತಿಸುಬ್ಬನ ಸೀಮೆಯವರು ನಾವು. ಚಿಕ್ಕವನಿದ್ದಾಗ ಆಟ ಶುರುವಾಗುವ ಮೊದಲು ಚೌಕಿಗೆ ಹೋಗಿ ಇಣುಕುವುದು ನಮಗೆಲ್ಲ ಅಭ್ಯಾಸ. ಒಬ್ಬರು ಬೀಡಿ ಸೇದುತ್ತಾ ಬೈತಲೆ ತೆಗೆದು ಸೀತೆಯಾಗ್ತಿದ್ದರು. ಇನ್ನೊಂದು ಮೂಲೆಯಲ್ಲಿ ಬಣ್ಣದ ವೇಷದವರು ಸಂಜೆಯಿಂದಲೇ ಕೂತು ಮುಖದ ಮೇಲೆ ಚುಟ್ಟಿ ಇಡ್ತಾ ಇರ್ತಿದ್ದರು. ರಾವಣ ಆಗಲಿಕ್ಕೆ ಗಂಟೆಗಟ್ಟಲೆ ಬೇಕು. ಇಡೀ ಚೌಕಿಯಲ್ಲಿ ಅತಿ ಹೆಚ್ಚು ಹೊತ್ತು ಕನ್ನಡಿ ನೋಡುವವನು ಅತಿ ಹೆಚ್ಚು ಗಂಡಸಾಗಿ ಕಾಣಬೇಕಾದವನೇ.

ಕೋಳ್ಯೂರು ರಾಮಚಂದ್ರ ರಾವ್ ಅವರಂಥ ಕಲಾವಿದರು ಸ್ತ್ರೀವೇಷದಲ್ಲಿ ಹೆಸರು ಮಾಡಿದ ನಾಡು ಇದು. ಹಾಗಿದ್ದೂ ಇವತ್ತಿನ ಆಮಂತ್ರಣ ಪತ್ರಿಕೆ, ಉದ್ಘಾಟನೆ ಭಾಷಣ ಎಲ್ಲದರಲ್ಲಿ ಯಕ್ಷಗಾನಕ್ಕೆ ‘ಗಂಡುಕಲೆ’ ಅಂತ ಹೇಳುವುದುಂಟು. ರಾತ್ರಿಯಿಡೀ ಗಂಡಸರು ಹೆಣ್ಣಾಗಿ ಅತ್ತು, ನಾಚಿ, ಕೋಪಿಸಿಕೊಳ್ಳುವ ಕಲೆಗೆ ಆ ಹೆಸರು. ಮಹಿಳೆಯರ ತಂಡಗಳು ಬಂದು ಅವರೇ ಮಹಿಷಾಸುರನಾಗಿ ಕುಣಿಯುವ ಈ ಕಾಲದಲ್ಲಿ ಆ ಮಾತು ಕಡಿಮೆಯಾಗಬೇಕಿತ್ತು. ನಾನು ಗಮನಿಸಿದ ಹಾಗೆ ಅದು ವೇದಿಕೆಯ ಮೇಲೆ ಇನ್ನೂ ಜೋರಾಗಿ ಕೇಳ್ತದೆ.

ಇಲ್ಲಿಂದ ನಾನು ಎರಡು ಶಬ್ದ ಎತ್ತಿಕೊಳ್ತೇನೆ. ಒಂದು ಚೌಕಿ, ಮನುಷ್ಯ ವೇಷ ಕಟ್ಟಿಕೊಳ್ಳುವ ಜಾಗ. ಇನ್ನೊಂದು ರಂಗಸ್ಥಳ, ಆ ವೇಷವನ್ನು ಸಭೆ ನೋಡುವ ಜಾಗ. ರಂಗಸ್ಥಳದಲ್ಲಿ ಒಮ್ಮೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಕ್ಕೆ ಆಗುವುದಿಲ್ಲ. ಈಗ ಕಾದಂಬರಿಗೆ ಬರ್ತೇನೆ.

ಹಿಂದೆ ಬಾರದ ಮಾತು

ಕಥೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ನಾದಿರಾ, ರಶೀದ್ ಗಂಡ ಹೆಂಡತಿ. ಒಬ್ಬರಿಗೊಬ್ಬರು ಬೇಕಾದವರು, ಒಂದು ಮಗು ಉಂಟು. ನಾದಿರಾಳ ತಂದೆ ಮಹಮ್ಮದ್ ಖಾನ್ ಹಟಮಾರಿ ಮನುಷ್ಯ. ಹಣದ ವಿಷಯದಲ್ಲಿ ಅಳಿಯನ ಮೇಲೆ ಸಿಟ್ಟು ಬಂದು ಮಗಳನ್ನು ತವರಿನಲ್ಲೇ ಉಳಿಸಿಕೊಳ್ಳುತ್ತಾನೆ. ಗಂಡನಿಗೂ ಹೆಂಡತಿಗೂ ಬೇಡದ ತಲಾಖ್ ನಡೆದುಹೋಗುತ್ತದೆ. ಮುಂದೆ ಅವರು ಮತ್ತೆ ಒಂದಾಗಬಹುದು ಅನ್ನುವ ಹೊತ್ತಿಗೆ ನಿಯಮ ಅಡ್ಡ ಬರುತ್ತದೆ. ಅವಳು ಇನ್ನೊಬ್ಬನನ್ನು ಮದುವೆಯಾಗಿ, ಅವನ ಜೊತೆ ಒಂದು ರಾತ್ರಿ ಕಳೆದು, ಅವನಿಂದ ತಲಾಖ್ ಪಡೆದ ಮೇಲೆಯೇ ಮೊದಲ ಗಂಡನ ಬಳಿಗೆ ಹೋಗಬೇಕು. ನಾದಿರಾಗೆ ಅದು ಆಗುವುದಿಲ್ಲ. ಕೊನೆಗೆ ನೀರಿನ ಪಾಲಾಗುತ್ತಾಳೆ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಹಮ್ಮದ್ ಖಾನ್. ಅವನನ್ನು ದುಷ್ಟ ತಂದೆ ಅಂತ ಒಂದು ಶಬ್ದದಲ್ಲಿ ಮುಗಿಸುವುದು ಸುಲಭ. ಆದರೆ ಅವನ ಹಟ ಏರುವುದು ಎಲ್ಲೆಲ್ಲಿ ಅಂತ ನೋಡಿ. ಮಗಳ ಮದುವೆ, ಅಳಿಯನ ಎದುರು ಮರ್ಯಾದೆ, ಊರಿನವರ ಮಾತು, ಕೈಯಲ್ಲಿ ಇಲ್ಲದ ಹಣ. ಈ ನಾಲ್ಕು ಕಡೆ. ಅವನು ಬಡವ. ಹೊರಗೆ ಅವನ ಮಾತಿಗೆ ಹೆಚ್ಚು ಬೆಲೆ ಇರಲಿಕ್ಕಿಲ್ಲ. ಮನೆಯೊಳಗೆ ಮಾತ್ರ ಅವನ ಮಾತು ಶಾಸನ. ಹೊರಗಿನ ಸಭೆಯಲ್ಲಿ ಸೋತವನು ಮನೆಯನ್ನು ರಂಗಸ್ಥಳ ಮಾಡಿಕೊಳ್ಳುತ್ತಾನೆ, ಹೆಂಡತಿ ಮಕ್ಕಳೇ ಅಲ್ಲಿ ಅವನ ಪ್ರೇಕ್ಷಕರು. ಒಮ್ಮೆ ‘ಕಳಿಸುವುದಿಲ್ಲ’ ಅಂದ ಮೇಲೆ ಕಳಿಸಿದರೆ ಅವನು ಯಾರು? ಅವನ ಮಟ್ಟಿಗೆ ಅದು ಮಗಳ ಬದುಕಿನ ಪ್ರಶ್ನೆಯಾಗಿ ಉಳಿಯುವುದಿಲ್ಲ, ತನ್ನ ಮಾತಿನ ಪ್ರಶ್ನೆಯಾಗುತ್ತದೆ.

ಇಲ್ಲಿ ತಲಾಖ್ ಕೂಡ ಒಂದು ಮಾತು ಅನ್ನುವುದನ್ನು ಮರೆಯಬಾರದು. ಗಂಡಸು ಆಡಿದ ಮಾತು ಹಿಂದೆ ಬರುವುದಿಲ್ಲ ಅನ್ನುವ ನಂಬಿಕೆಗೆ ಇಲ್ಲಿ ಧರ್ಮದ ನಿಯಮದ ಬಲವೂ ಸಿಗುತ್ತದೆ. ಮಾತು ಗಂಡಸಿನದ್ದು, ಅದನ್ನು ಸರಿಪಡಿಸಲಿಕ್ಕೆ ಕೊಡಬೇಕಾದ ದೇಹ ಮಾತ್ರ ಹೆಂಗಸಿನದ್ದು. ತಂದೆ ತಪ್ಪಾಯ್ತು ಅಂತ ಒಪ್ಪುವ ಹಂತಕ್ಕೆ ಬಂದರೂ ದಂಡ ಕಟ್ಟಬೇಕಾದವಳು ಮಗಳು. ಸಾರಾ ಅವರು ಈ ಲೆಕ್ಕವನ್ನು ಭಾಷಣ ಮಾಡದೆ, ಒಂದು ಮನೆಯ ಕಥೆಯಾಗಿ ನಮ್ಮ ಮುಂದೆ ಇಟ್ಟಿದ್ದಾರೆ. ಅದೇ ಈ ಕಾದಂಬರಿಯ ಶಕ್ತಿ.

ರಶೀದನ ಬಗ್ಗೆಯೂ ಒಂದು ಮಾತು ಹೇಳಬೇಕು. ಹೆಚ್ಚಿನವರು ಅವನನ್ನು ಒಳ್ಳೆಯ ಗಂಡ ಅಂತ ಬದಿಗೆ ಇಡ್ತಾರೆ. ಅವನು ಒಳ್ಳೆಯವನು ಹೌದು. ಆದರೆ ಕಾದಂಬರಿಯಲ್ಲಿ ಒಳ್ಳೆಯತನ ಅವನಿಗೆ ಏನನ್ನೂ ಮಾಡುವ ಶಕ್ತಿ ಕೊಡುವುದಿಲ್ಲ. ಮೃದುವಾದ ಗಂಡಸಿಗೆ ನಮ್ಮ ಸಮಾಜದಲ್ಲಿ ಕೂರಲಿಕ್ಕೆ ಸಭೆಯೇ ಇಲ್ಲ. ಅವನು ಹೆಂಡತಿಯನ್ನು ಪ್ರೀತಿಸುವುದು ಚೌಕಿಯ ಒಳಗಿನ ಸಂಗತಿ, ರಂಗಸ್ಥಳದಲ್ಲಿ ಅದಕ್ಕೆ ಪಾತ್ರ ಇಲ್ಲ. ಮಹಮ್ಮದ್ ಖಾನ್ ಮನಸ್ಸು ಮಾಡಿದ್ದರೆ ಬದಲಾಗಬಹುದಿತ್ತು ಅಂತ ನಾವು ವಾದಿಸಬಹುದು. ರಶೀದನಂಥವರು ಈಗಾಗಲೇ ಬದಲಾಗಿದ್ದರೂ ಏನೂ ಆಗಲಿಲ್ಲವಲ್ಲ ಅನ್ನುವುದು ನನ್ನನ್ನು ಹೆಚ್ಚು ಕಾಡ್ತದೆ.

ಇಲ್ಲಿ ಲೇಖಕಿಯ ಬದುಕಿನ ಒಂದು ಸಂಗತಿ ನೆನಪಿಸಿಕೊಳ್ಳಬಹುದು. ಸಾರಾ ಅವರು 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು. ಆ ಭಾಗದಲ್ಲಿ ಕನ್ನಡ ಶಾಲೆಗೆ ಹೋಗಿ ಓದಿದ ಮೊದಲ ಮುಸ್ಲಿಂ ಹುಡುಗಿಯರಲ್ಲಿ ಒಬ್ಬರು. ಅವರ ತಂದೆ ವಕೀಲರು. ಅಂದರೆ ಮಹಮ್ಮದ್ ಖಾನನನ್ನು ಸೃಷ್ಟಿಸಿದ ಲೇಖಕಿ ಅದೇ ಊರಿನಲ್ಲಿ, ಅದೇ ಧರ್ಮದಲ್ಲಿ, ಮಗಳನ್ನು ಶಾಲೆಗೆ ಕಳಿಸಿದ ಇನ್ನೊಂದು ಬಗೆಯ ತಂದೆಯನ್ನು ಕಂಡಿದ್ದರು. ಗಂಡಸುತನ ಒಂದೇ ಅಚ್ಚಿನದ್ದಲ್ಲ ಅಂತ ಅವರಿಗೆ ಗೊತ್ತಿತ್ತು.

‘ಅವರ’ ಮನೆ, ‘ನಮ್ಮ’ ಮನೆ

ಈಗ ಕಷ್ಟದ ಜಾಗ. ಈ ಕಾದಂಬರಿಯನ್ನು ನನ್ನಂಥ ಮುಸ್ಲಿಮೇತರ ಓದುಗ ಓದುವಾಗ ಒಂದು ಸುಲಭದ ದಾರಿ ಇರ್ತದೆ: ಇದು ಅವರ ಮನೆಯ ಸಮಸ್ಯೆ. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಒಂದೇ ಉಸಿರಿನ ತ್ರಿವಳಿ ತಲಾಖ್ ಅನ್ನು ಅಸಿಂಧು ಅಂದಿತು, 2019ರಲ್ಲಿ ಅದನ್ನು ಅಪರಾಧ ಮಾಡುವ ಕಾಯ್ದೆ ಬಂತು. ಆಮೇಲೆ ನಮ್ಮ ತರಗತಿಯಲ್ಲೇ ಒಬ್ಬರು, ಹಾಗಾದರೆ ಈ ಕಾದಂಬರಿಯ ಸಮಸ್ಯೆ ಮುಗಿಯಿತಲ್ವಾ ಅಂತ ಕೇಳಿದ್ದರು. ಕಾನೂನು ಒಂದು ಮಾತಿನ ಬಲವನ್ನು ತೆಗೆದುಹಾಕಬಹುದು. ಆ ಮಾತನ್ನು ಆಡಿಸಿದ ಸಭೆ ಅಲ್ಲೇ ಇದೆ, ಅದರಲ್ಲಿ ಎಲ್ಲಾ ಜಾತಿ ಧರ್ಮದವರೂ ಕೂತಿದ್ದೇವೆ.

ನನ್ನ ಮನೆಯದೇ ಉದಾಹರಣೆ ಕೊಡ್ತೇನೆ. ನಮ್ಮದು ಅಳಿಯಕಟ್ಟಿನ ಕುಟುಂಬ. ಆಸ್ತಿಯ ಹಕ್ಕು ಹೆಣ್ಣಿನ ಸಂತಾನದಲ್ಲಿ ಹೋಗುವ ಪದ್ಧತಿ. ನನ್ನ ಅಜ್ಜಿಗೆ ಗಂಡನ ಮನೆ ಇತ್ತು, ಆದರೆ ಹಕ್ಕು ಇದ್ದದ್ದು ತರವಾಡಿನಲ್ಲಿ. ಜಗಳ ಆದರೆ ಮಕ್ಕಳನ್ನು ಕರ್ಕೊಂಡು ಸೀದಾ ತರವಾಡಿಗೆ ಬರ್ತಿದ್ದರಂತೆ, ಯಾರೂ ಯಾಕೆ ಬಂದಿ ಅಂತ ಕೇಳ್ತಿರಲಿಲ್ಲ. ಅಜ್ಜ ಬಂದು ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿ, ಮೆಲ್ಲಗೆ ಮಾತು ಶುರು ಮಾಡಬೇಕಿತ್ತು. ಇದನ್ನು ಹೆಣ್ಣಿನ ರಾಜ್ಯ ಅಂತ ನಾನು ಹೊಗಳ್ತಾ ಇಲ್ಲ. ಹಿರಿಯ ಹೆಂಗಸರು ಯಜಮಾನ್ತಿ ಆಗುವ ಅವಕಾಶ ಇದ್ದರೂ ಹೆಚ್ಚಾಗಿ ಯಜಮಾನಿಕೆ ಸೋದರಮಾವನ ಕೈಯಲ್ಲೇ ಇತ್ತು. ಆದರೆ ಗಂಡ, ತಂದೆ ಅನ್ನುವ ಗಂಡಸಿಗೆ ಇವತ್ತು ಇರುವಷ್ಟು ದರ್ಬಾರು ಆಗ ಇರಲಿಲ್ಲ.

ಆಮೇಲೆ ಕಾನೂನು ಬದಲಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಒಂದು ಹೆಜ್ಜೆ. ಅದೇ ವರ್ಷ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಕೇರಳ 1975ರಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದು ಮಾಡುವ ಕಾಯ್ದೆ ತಂದಿತು, 1976ರ ಡಿಸೆಂಬರಿನಲ್ಲಿ ಅದು ಜಾರಿಗೆ ಬಂತು. ತರವಾಡಿನ ಒಟ್ಟು ಆಸ್ತಿ ತಲಾ ಪಾಲಾಯಿತು. ಕಾಗದದಲ್ಲಿ ಇದು ನ್ಯಾಯವೇ, ಹೆಂಗಸರಿಗೂ ಅವರ ಹೆಸರಿನಲ್ಲೇ ಪಾಲು ಬಂತು. ನಮ್ಮ ಮನೆಯಲ್ಲಿ ಆದದ್ದು ಏನು ಅಂದರೆ, ಅಜ್ಜಿಯ ಪಾಲನ್ನು ಮಾರಿ ಅಜ್ಜ ಪೇಟೆಯ ಹತ್ತಿರ ತನ್ನ ಹೆಸರಿನಲ್ಲಿ ಜಾಗ ತಗೊಂಡರು. ಸಣ್ಣ ಸಂಸಾರ, ಹೊಸ ಮನೆ, ಗೇಟಿನಲ್ಲಿ ಗಂಡಸಿನ ಹೆಸರಿನ ಫಲಕ. ಜಗಳ ಆದರೆ ಅಜ್ಜಿಗೆ ಹೋಗಲಿಕ್ಕೆ ತರವಾಡು ಉಳಿಯಲಿಲ್ಲ. ನನ್ನ ಅಮ್ಮನ ಮದುವೆಯ ಹೊತ್ತಿಗೆ ನಮ್ಮ ಪೈಕಿಯಲ್ಲಿ ಹಿಂದೆ ಕೇಳದ ಮಾತು ಕೇಳಿಬಂತು: ಹುಡುಗಿಗೆ ಎಷ್ಟು ಕೊಡ್ತೀರಿ?

ಈಗ ಮತ್ತೆ ನಾದಿರಾಳನ್ನು ನೆನಪಿಸಿಕೊಳ್ಳಿ. ಅವಳಿಗೆ ಅಪಾಯ ಬಂದದ್ದು ತವರಿನಿಂದ. ನನ್ನ ಅಜ್ಜಿಗೆ ತವರೇ ರಕ್ಷಣೆ. ಧರ್ಮ ಬೇರೆ, ಪದ್ಧತಿ ಬೇರೆ. ಆದರೆ ಮದುವೆ ಮಾರುಕಟ್ಟೆಯ ಹಣದ ಒತ್ತಡದಲ್ಲಿ ತಂದೆ ಅನ್ನುವ ಗಂಡಸು ಮನೆಯ ಏಕೈಕ ಅಧಿಕಾರಿ ಆಗುವುದು ಎರಡೂ ಕಡೆ ಕಾಣುವ ಚಲನೆ. ನಮ್ಮಲ್ಲಿ ‘ಹಿಂದಿನಿಂದ ಬಂದದ್ದು’ ಅಂತ ಹೇಳುವ ತಂದೆಯ ದರ್ಬಾರು ನಮ್ಮ ಮನೆಯ ಮಟ್ಟಿಗೆ ಎರಡು ತಲೆಮಾರಿನಷ್ಟು ಮಾತ್ರ ಹಳೆಯದು. ಸಂಪ್ರದಾಯ ಹೆಣ್ಣನ್ನು ಕಟ್ಟಿಹಾಕಿತ್ತು, ಆಧುನಿಕತೆ ಬಿಡಿಸಿತು ಅನ್ನುವ ನೇರ ಗೆರೆ ಹಾಗಾಗಿ ಕಾಸರಗೋಡಿನಲ್ಲಿ ಎಳೆಯಲಿಕ್ಕೆ ಆಗುವುದಿಲ್ಲ. ಶಾಲೆ ಬಂತು, ಸಾರಾ ಅವರು ಓದಿದರು, ಬರೆದರು, ಇದು ಆಧುನಿಕತೆ ಕೊಟ್ಟದ್ದು. ಗೇಟಿನ ಫಲಕವೂ ಅದೇ ಆಧುನಿಕತೆ ಕೊಟ್ಟದ್ದು.

ಗಲ್ಫಿನ ಹಣ ಇದಕ್ಕೆ ಇನ್ನೊಂದು ಸಭೆ ಸೇರಿಸಿತು. ಊರಿನಲ್ಲಿ ಇಲ್ಲದ ಗಂಡಸು, ಊರಿನಲ್ಲಿ ಏಳುವ ಮನೆ. ತೋಟ, ಬ್ಯಾಂಕು, ಮಕ್ಕಳ ಶಾಲೆ, ಅತ್ತೆಯ ಆಸ್ಪತ್ರೆ ಎಲ್ಲ ನೋಡುವವಳು ಹೆಂಡತಿ. ಆದರೂ ಗೃಹಪ್ರವೇಶದ ಫೋಟೋದಲ್ಲಿ ನಡುವೆ ನಿಲ್ಲುವವನು ಎರಡು ವಾರದ ರಜೆಯಲ್ಲಿ ಬಂದವನು. ಅವನನ್ನು ಹೀಗಳೆಯಲಿಕ್ಕೆ ನಾನು ಇದನ್ನು ಹೇಳ್ತಿಲ್ಲ. ನನ್ನ ಗೆಳೆಯನೊಬ್ಬ ಅಲ್ಲಿ ಒಂದು ಕೋಣೆಯಲ್ಲಿ ಎಂಟು ಜನರ ಜೊತೆ ಇದ್ದಾನೆ. ವಿಡಿಯೋ ಕಾಲ್ ಮಾಡುವಾಗ ಮಾತ್ರ ಹೊರಗೆ ಬಂದು ದೊಡ್ಡ ಕಟ್ಟಡದ ಎದುರು ನಿಲ್ತಾನೆ. ಕೆಲಸ ಹೋದ ವಿಷಯವನ್ನು ಅವನು ಮನೆಯವರಿಗೆ ನಾಲ್ಕು ತಿಂಗಳು ಹೇಳಿರಲಿಲ್ಲ. ನನಗೆ ಹೇಳಿದ, ಯಾರಿಗೂ ಹೇಳಬೇಡ ಅಂದ. ಅವನ ಚೌಕಿ ಆ ಕೋಣೆ, ರಂಗಸ್ಥಳ ಆ ಫೋನಿನ ಪರದೆ. ಮಹಮ್ಮದ್ ಖಾನನ ಕೈಯಲ್ಲಿ ಫೋನು ಇರಲಿಲ್ಲ, ಅಷ್ಟೇ ವ್ಯತ್ಯಾಸ ಅಂತ ನನಗೆ ಅನ್ನಿಸಿದ್ದುಂಟು.

ನದಿಯೂ ಮನೆಯೂ

ಕೊನೆಯ ಭಾಗಕ್ಕೆ ಬರ್ತೇನೆ. ಚಂದ್ರಗಿರಿ ಅಂದ ಕೂಡಲೇ ಗಡಿನಾಡ ಕನ್ನಡಿಗನಿಗೆ ಇನ್ನೊಂದು ಪುಸ್ತಕ ನೆನಪಾಗ್ತದೆ, 1967ರ ಮಹಾಜನ್ ಆಯೋಗದ ವರದಿ. ಚಂದ್ರಗಿರಿ, ಪಯಸ್ವಿನಿ ನದಿಗಳ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಅದು ಶಿಫಾರಸು ಮಾಡಿತು. ಅದು ಜಾರಿಯಾಗಲಿಲ್ಲ. ಅಂದಿನಿಂದ ಆ ನದಿ ನಮ್ಮ ಭಾಷಣಗಳಲ್ಲಿ ಒಂದು ಗೆರೆ. ಅದೇ ನದಿಯ ಹೆಸರಿಟ್ಟುಕೊಂಡು ಬಂದ ಕಾದಂಬರಿಯಲ್ಲಿ ಆ ಗೆರೆಯ ಸುದ್ದಿ ಇಲ್ಲ. ಅಲ್ಲಿನ ಹೆಂಗಸರಿಗೆ ದಾಟಲಾಗದ ಗಡಿ ಮನೆಯ ಹೊಸ್ತಿಲು.

ಏಕೀಕರಣ ಹೋರಾಟದ ನಮ್ಮ ದೊಡ್ಡ ದನಿ ಕಯ್ಯಾರ ಕಿಞ್ಞಣ್ಣ ರೈಗಳು. ಮೇಷ್ಟ್ರು, ಕೃಷಿಕರು, ಕವಿ. ಅವರ ಮೇಲೆ ನನಗೆ ಗೌರವ ಇರುವುದರಿಂದಲೇ ಇದನ್ನು ಹೇಳ್ತಿದ್ದೇನೆ. ನಾಡು ಕೈತಪ್ಪಿದ ನೋವನ್ನು ಮನೆಗೆ ಬಿದ್ದ ಬೆಂಕಿಯಾಗಿ ಕಂಡ ಅವರ ಪದ್ಯ ನಮ್ಮ ಭಾಗದ ಮಕ್ಕಳಿಗೆಲ್ಲ ಗೊತ್ತು. ಆ ರೂಪಕ ನಮ್ಮನ್ನು ಒಟ್ಟು ಮಾಡಿತು. ಆದರೆ ಅದನ್ನು ನಾವು ಆಮೇಲೆ ಬಳಸಿದ ರೀತಿ ನೋಡಿ. ಬೆಂಕಿ ಹೊರಗಿನಿಂದ ಬಿದ್ದದ್ದು, ಓಡಿ ಬಂದು ಆರಿಸುವವರು ಗಂಡುಮಕ್ಕಳು, ಉಳಿಸಬೇಕಾದವಳು ಕನ್ನಡ ತಾಯಿ. ಸಭೆಯಲ್ಲಿ ಮೀಸೆ ತಿರುವುವ ಮಾತು, ಗಂಡಸಾಗಿದ್ದರೆ ಬನ್ನಿ ಅನ್ನುವ ಮಾತು, ಇದನ್ನೆಲ್ಲ ನಾನು ಚಿಕ್ಕಂದಿನಿಂದ ಕೇಳಿದ್ದೇನೆ, ಚಪ್ಪಾಳೆಯೂ ತಟ್ಟಿದ್ದೇನೆ. ಮನೆಗೆ ಬೆಂಕಿ ಬಿದ್ದಾಗ ಒಳಗೆ ಯಾರು ಯಾವ ಕೋಣೆಯಲ್ಲಿ ಚಿಲಕ ಹಾಕಿಸಿಕೊಂಡು ಕೂತಿದ್ದರು ಅಂತ ನಮ್ಮ ಹೋರಾಟದ ಸಾಹಿತ್ಯ ಹೆಚ್ಚಾಗಿ ಕೇಳಲಿಲ್ಲ. ಸಾರಾ ಕೇಳಿದರು. ಅದೂ ಕನ್ನಡದಲ್ಲೇ ಕೇಳಿದರು. ಮನೆಮಾತು ಬೇರೆಯಾದ ಮನೆಗಳ ಒಳಗಿನ ಕಥೆಯನ್ನು ಕನ್ನಡಕ್ಕೆ ತಂದು ಕನ್ನಡದ ಅಂಗಳವನ್ನು ದೊಡ್ಡದು ಮಾಡಿದರು. ಗಡಿಯಲ್ಲಿ ಕನ್ನಡ ಉಳಿಸುವುದು ಅಂದರೆ ಇದೂ ಹೌದಲ್ವಾ?

ಆದರೂ ನಾವು ಗಡಿನಾಡ ಸಾಹಿತ್ಯ ಅಂತ ಪಟ್ಟಿ ಮಾಡುವಾಗ ಗೋವಿಂದ ಪೈ, ಕಯ್ಯಾರ ಅಂತ ಶುರು ಮಾಡ್ತೇವೆ. ಸಾರಾ ಅಬೂಬಕ್ಕರ್ ಅವರ ಹೆಸರನ್ನು ‘ಮಹಿಳಾ ಸಾಹಿತ್ಯ’ ಅಥವಾ ‘ಮುಸ್ಲಿಂ ಸಂವೇದನೆ’ ಅನ್ನುವ ಘಟಕದಲ್ಲಿ ಇಡ್ತೇವೆ. ನಾನೂ ನನ್ನ ಮೊದಲ ಸೆಮಿಸ್ಟರಿನ ಪ್ರಬಂಧದಲ್ಲಿ ಹಾಗೇ ಮಾಡಿದ್ದೆ. ಗಡಿ ಅಂದರೆ ಗಂಡಸರ ವಿಷಯ, ಮನೆ ಅಂದರೆ ಹೆಂಗಸರ ವಿಷಯ ಅನ್ನುವ ವಿಂಗಡಣೆ ನನ್ನ ವಿಮರ್ಶೆಯೊಳಗೂ ಕೂತಿತ್ತು.

ಕಾದಂಬರಿಯ ಬಗ್ಗೆ ನನಗೆ ಒಂದು ತಕರಾರೂ ಉಂಟು. ಕಥನ ಹೆಚ್ಚಾಗಿ ಹೆಂಗಸರ ಜೊತೆಗೆ ನಿಲ್ಲುತ್ತದೆ, ನಿಲ್ಲಬೇಕಾದದ್ದೇ. ಆದರೆ ಮಹಮ್ಮದ್ ಖಾನನ ಚೌಕಿಯೊಳಗೆ ಇನ್ನೂ ಸ್ವಲ್ಪ ಹೊತ್ತು ಕೂರಲಿಕ್ಕೆ ಬಿಟ್ಟಿದ್ದರೆ ಆಗ್ತಿತ್ತು ಅನ್ನಿಸ್ತದೆ. ಅವನು ಒಬ್ಬನೇ ಇರುವಾಗ ಏನನ್ನು ಹೆದರುತ್ತಾನೆ ಅಂತ ತಿಳಿದರೆ ಅವನ ತಪ್ಪು ಕಡಿಮೆಯಾಗುವುದಿಲ್ಲ, ನಮ್ಮದು ಸ್ಪಷ್ಟವಾಗ್ತದೆ. ಆ ಕೆಲಸ ಸಾರಾ ಅವರ ತಲೆಮಾರಿನ ಲೇಖಕಿಯದ್ದಲ್ಲ ಅಂತಲೂ ನನಗೆ ಅನ್ನಿಸ್ತದೆ. ಅದು ಗಂಡಸರು ಬರೆಯಬೇಕಾದ ಭಾಗ. ನಾವು ಬರೆದಿಲ್ಲ. ಇಷ್ಟು ಹೇಳಿ ಮುಗಿಸ್ತೇನೆ.

ಸಂವಾದ

ಒಬ್ಬ ಅಧ್ಯಾಪಕಿ ಕೇಳಿದರು: “ಗಂಡಸರನ್ನು ಅರ್ಥ ಮಾಡಿಕೊಳ್ಳಬೇಕು ಅಂತ ಹೊರಟರೆ ಮತ್ತೆ ನಾವು ಗಂಡಸರ ಬಗ್ಗೆಯೇ ಮಾತಾಡಿದ ಹಾಗೆ ಆಗ್ತದಲ್ಲ? ನಾದಿರಾ ಎಲ್ಲಿ ಹೋದಳು?”

ಮೇಡಂ, ನೀವು ಕೇಳಿದ್ದು ಸರಿ. ಈ ಪ್ರಬಂಧ ಬರೆಯುವಾಗ ನನಗೂ ಆ ಹೆದರಿಕೆ ಇತ್ತು. ನಾದಿರಾಳನ್ನು ಪಾಪ ಅಂತ ಓದಿ ಪುಸ್ತಕ ಮುಚ್ಚಿದಾಗ ನನಗೆ ನನ್ನ ಬಗ್ಗೆ ಏನೂ ಕೇಳಿಕೊಳ್ಳಬೇಕಾಗಿ ಬರಲಿಲ್ಲ. ಮಹಮ್ಮದ್ ಖಾನನನ್ನು ನೋಡಿದಾಗ ಬಂತು. ಅವಳಿಗೆ ನಾನು ಕೊಡಬಹುದಾದ ಉತ್ತರ ಆ ಕಡೆಯಿಂದ ಮಾತ್ರ ಸಾಧ್ಯ ಅನ್ನಿಸಿತು.

ಒಬ್ಬ ಸಹಪಾಠಿ ಕೇಳಿದರು: “ನಿಮ್ಮ ಮಾವ ಈಗ ಏನು ಹೇಳ್ತಾರೆ?”

ಫೀಸು ಕಟ್ಟಿದ್ದು ಅವರೇ. ಜಗಲಿಯಲ್ಲಿ ಜನ ಇದ್ದರೆ ಈಗಲೂ ಅದೇ ಪ್ರಶ್ನೆ ಕೇಳ್ತಾರೆ. ಹೋದ ವಾರ ಈ ಕಾದಂಬರಿಯನ್ನು ಅವರ ಕೋಣೆಯ ಮೇಜಿನ ಮೇಲೆ ಇಟ್ಟು ಬಂದಿದ್ದೆ. ನಿನ್ನೆ ನೋಡುವಾಗ ಅರ್ಧದಲ್ಲಿ ಬಸ್ ಟಿಕೆಟ್ ಒಂದನ್ನು ಗುರುತಿಗೆ ಇಟ್ಟಿದ್ದರು. ಓದ್ತಾ ಇದ್ದೀರಾ ಮಾವ ಅಂತ ನಾನು ಕೇಳಲಿಲ್ಲ.